ಸ್ಲೈಡ್ ಒಂದೇ, ಕಾಯಿಲೆ ಮೂರು: ದವಡೆ ಗಂಟಿನ ಪತ್ತೆ ಎಲ್ಲಿ ತಪ್ಪುತ್ತದೆ?

ಕಲಬುರಗಿ ಕಡೆ ಬಾಯೊಳಗೆ ಗಂಟು ಕಂಡರೆ ಮನೆಯಲ್ಲಿ ಎರಡೇ ಮಾತು ಹುಟ್ಟುತ್ತವೆ. ನೋವಿದ್ದರೆ, "ಹಲ್ಲಿನ ಬಾವು ಅದ, ಗುಳಗಿ ತಗೊಂಡ್ರ ಇಳೀತದ." ನೋವಿಲ್ಲದೆ ಗಟ್ಟಿಯಾಗಿದ್ದು, ಆತ ಗುಟ್ಕಾ ಹಾಕುವವನಾದರೆ ದನಿ ತಗ್ಗುತ್ತದೆ: "ದೊಡ್ಡ ಬ್ಯಾನಿ ಇರಬೇಕು." ಕ್ಯಾನ್ಸರ್ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕ್ಲಿನಿಕ್ಕಿನಲ್ಲೂ ಮೊದಲು ಹೊಳೆಯುವುದು ಇವೇ ಎರಡು. ಅದರಲ್ಲಿ ತಪ್ಪೇನಿಲ್ಲ. ಹುಳುಕು ಹಲ್ಲು ಮನೆಮನೆಯಲ್ಲೂ ಇದೆ. ರಾಜ್ಯದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಆದರೂ ಪಾನ್ ಮಸಾಲಾ ಪ್ಯಾಕೆಟ್ ಒಂದು, ತಂಬಾಕಿನ ಪ್ಯಾಕೆಟ್ ಇನ್ನೊಂದು ಕೊಂಡು ಕೈಯಲ್ಲೇ ಬೆರೆಸಿ ಬಾಯಿಗೆ ಹಾಕಿಕೊಳ್ಳುವುದನ್ನು ಯಾವ ಪಾನ್ ಡಬ್ಬಿ ಮುಂದೆ ನಿಂತರೂ ನೋಡಬಹುದು. ಬಾಯಿ ಕ್ಯಾನ್ಸರಿನ ಅನುಮಾನ ಮೊದಲು ಬರಲೇಬೇಕು.

ಇವೆರಡೂ ಅಲ್ಲದ ಇನ್ನೊಂದು ಗುಂಪಿದೆ. ಅದು ಸೋಂಕಲ್ಲ, ಕ್ಯಾನ್ಸರೂ ಅಲ್ಲ. ಆದರೆ ಬೆಳೆಯುತ್ತದೆ. ಅಮೆಲೋಬ್ಲಾಸ್ಟೊಮಾ, ಕೆರಾಟೊಸಿಸ್ಟ್, ಮಿಕ್ಸೋಮಾ, ಒಸಿಫೈಯಿಂಗ್ ಫೈಬ್ರೋಮಾ, ಫೈಬ್ರಸ್ ಡಿಸ್‌ಪ್ಲಾಸಿಯಾ, ಜೈಂಟ್ ಸೆಲ್ ಗ್ರಾನುಲೋಮಾ. ಹೆಸರು ಕೇಳಿದರೇ ಎದೆ ಝಲ್ಲೆನ್ನುತ್ತದೆ. ಇವುಗಳಲ್ಲಿ ಕೆಲವು ಹಲ್ಲು ಹುಟ್ಟುವ ಕಾಲದಲ್ಲಿ ಕೆಲಸ ಮಾಡಿ ಮುಗಿಸಿ, ದವಡೆಯ ಮೂಳೆಯೊಳಗೇ ಉಳಿದುಹೋದ ಕೋಶಗಳಿಂದ ಹುಟ್ಟುತ್ತವೆ. ಇನ್ನು ಕೆಲವು ಮೂಳೆಯದೇ ಎಡವಟ್ಟು. ಇದಕ್ಕೂ ಗುಟ್ಕಾಕ್ಕೂ ಸಂಬಂಧವಿಲ್ಲ. ಒಂದು ಪುಡಿ ಅಡಿಕೆಯನ್ನೂ ಅಗಿಯದ ಇಪ್ಪತ್ತರ ಹುಡುಗಿಗೂ ಬರಬಹುದು.

ಎಷ್ಟು ಅಪರೂಪ? ಅಮೆಲೋಬ್ಲಾಸ್ಟೊಮಾ ಒಂದನ್ನೇ ತೆಗೆದುಕೊಳ್ಳೋಣ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ ಒಬ್ಬರಿಗೆ ಬರುತ್ತದೆ ಎಂಬುದು ಜಾಗತಿಕ ಅಂದಾಜು. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯಲ್ಲಿ 25.66 ಲಕ್ಷ, ಬೀದರಿನಲ್ಲಿ 17.03 ಲಕ್ಷ, ಯಾದಗಿರಿಯಲ್ಲಿ 11.74 ಲಕ್ಷ ಜನ ಇದ್ದರು. ಆ ಲೆಕ್ಕ ಹಿಡಿದರೆ ಮೂರೂ ಜಿಲ್ಲೆ ಸೇರಿ ವರ್ಷಕ್ಕೆ ಐದಾರು ಜನ. ಅವರೆಲ್ಲ ಒಂದೇ ಬಾಗಿಲಿಗೆ ಬರುವುದಿಲ್ಲ. ಒಬ್ಬರು ಔರಾದಿನಲ್ಲಿ ತೋರಿಸುತ್ತಾರೆ, ಇನ್ನೊಬ್ಬರು ಸುರಪುರದಲ್ಲಿ, ಮತ್ತೊಬ್ಬರು ನೇರ ಸೊಲ್ಲಾಪುರದ ಬಸ್ಸು ಹತ್ತುತ್ತಾರೆ. ಸೇಡಂನಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟುಕೊಂಡ ಡಾಕ್ಟರೊಬ್ಬರು ಇಡೀ ವೃತ್ತಿಯಲ್ಲಿ ಇದನ್ನು ಒಮ್ಮೆ ನೋಡಿದರೆ ಹೆಚ್ಚು.

ಅಪರೂಪವಾಗಿರುವುದರಿಂದಲೇ ತಪ್ಪಿಹೋಗುತ್ತದೆ ಅನ್ನುವುದು ಎಲ್ಲರ ಮಾತು. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಈ ಗಂಟುಗಳ ಗುರುತು ಸಿಗಲು ಮೂರು ಸಂಗತಿ ಕೂಡಿ ಬರಬೇಕು: ಬಾಯಿ ನೋಡಿದವರಿಗೆ ಕಂಡದ್ದು, ಎಕ್ಸ್‌ರೇ ತೋರಿಸಿದ್ದು, ಸ್ಲೈಡ್ (ಗಂಟಿನ ತುಂಡನ್ನು ತೆಳುವಾಗಿ ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡುವ ಗಾಜಿನ ಪಟ್ಟಿ) ಹೇಳಿದ್ದು. ಮೂರೂ ನಮ್ಮ ಭಾಗದಲ್ಲೇ ಸಿಗುತ್ತವೆ. ಆದರೆ ಮೂರೂ ಒಬ್ಬರ ಮೇಜಿನ ಮೇಲೆ ಒಟ್ಟಿಗೆ ಕೂಡುವುದು ಕಡಿಮೆ. ಕ್ಲಿನಿಕ್ ಒಂದು ಕಡೆ, ಸ್ಕ್ಯಾನಿಂಗ್ ಸೆಂಟರ್ ಇನ್ನೊಂದು ಕಡೆ, ಲ್ಯಾಬ್ ಬೇರೆ ಊರಲ್ಲಿ. ಇವುಗಳ ನಡುವೆ ಓಡಾಡುವುದು ರೋಗಿಯ ಮಗನ ಕೈಯಲ್ಲಿರುವ ಪ್ಲಾಸ್ಟಿಕ್ ಚೀಲ ಮಾತ್ರ.

ಮೊದಲ ತಪ್ಪು ನಡೆಯುವುದು ಲ್ಯಾಬಿಗಿಂತ ಬಹಳ ಹಿಂದೆ, ಹಲ್ಲಿನ ಕುರ್ಚಿಯಲ್ಲೇ. ಕೆಳದವಡೆಯ ಹಿಂಭಾಗದಲ್ಲಿ ಊತ ಇದೆ. ಒತ್ತಿದರೆ ನೋವಿಲ್ಲ. "ಏನೂ ತ್ರಾಸ ಇಲ್ರಿ ಸಾಹೇಬ್ರ, ಗಲ್ಲ ಅಷ್ಟ ದಪ್ಪ ಕಾಣ್ತದ" ಅನ್ನುತ್ತಾರೆ. ಐದು ದಿನದ ಆಂಟಿಬಯಾಟಿಕ್ ಬರೆಯಲಾಗುತ್ತದೆ. ಊತ ಇಳಿಯುವುದಿಲ್ಲ. ಇನ್ನೊಂದು ಕೋರ್ಸ್. ಆಮೇಲೆ ಅಲ್ಲಿಯೇ ಅಲುಗಾಡುತ್ತಿರುವ ಹಲ್ಲೊಂದು ಕೈಗೆ ಸಿಗುತ್ತದೆ. ಅದನ್ನು ಕೀಳುತ್ತಾರೆ, ಇಲ್ಲವೇ ರೂಟ್ ಕೆನಾಲ್ ಮಾಡುತ್ತಾರೆ. ಕಿತ್ತ ಜಾಗ ಸರಿಯಾಗಿ ತುಂಬಿಕೊಳ್ಳುವುದಿಲ್ಲ. ಅಷ್ಟರಲ್ಲಿ ಸುಗ್ಗಿ ಬರುತ್ತದೆ, ಮದುವೆ ಸೀಸನ್ ಬರುತ್ತದೆ. ನೋವಿಲ್ಲದ ಕಾಯಿಲೆಗೆ ಯಾರು ಕೆಲಸ ಬಿಟ್ಟು ಬರುತ್ತಾರೆ ಹೇಳಿ?

ಇಲ್ಲಿ ಒಂದು ಸಣ್ಣ ಪರೀಕ್ಷೆಯಿಂದ ದಾರಿಯೇ ಬದಲಾಗುತ್ತಿತ್ತು. ಆ ಜಾಗದ ಹಲ್ಲಿಗೆ ತಣ್ಣನೆಯದು ತಾಗಿಸಿ ನೋಡುವುದು. ಹಲ್ಲಿನ ಬೇರಿನ ತುದಿಯಲ್ಲಿ ಕೀವು ಆಗಬೇಕೆಂದರೆ ಸಾಮಾನ್ಯವಾಗಿ ಒಳಗಿನ ನರ ಸತ್ತಿರಬೇಕು. ಐಸ್ ತಾಗಿದ ಕೂಡಲೇ ರೋಗಿ ಜುಮ್ಮೆಂದು ತಲೆ ಹಿಂದೆ ಎಳೆದರೆ ನರ ಬದುಕಿದೆ ಎಂದರ್ಥ. ಜೀವಂತ ಹಲ್ಲಿನ ಬುಡದಲ್ಲಿ ಎಕ್ಸ್‌ರೇಯಲ್ಲಿ ಕಪ್ಪು ಮಚ್ಚೆ ಕಂಡರೆ ಅದು ಹಲ್ಲಿನಿಂದ ಬಂದ ಬಾವಲ್ಲ, ಬೇರೆ ಏನೋ. ಈ ಪರೀಕ್ಷೆಗೆ ಒಂದೆರಡು ನಿಮಿಷ ಸಾಕು, ಖರ್ಚು ಇಲ್ಲವೇ ಇಲ್ಲ. ಸಿಮೆಂಟೊ-ಒಸಿಯಸ್ ಡಿಸ್‌ಪ್ಲಾಸಿಯಾ ಎಂಬ ಸ್ಥಿತಿ ಇದೆ. ಹೆಚ್ಚಾಗಿ ನಡುವಯಸ್ಸಿನ ಹೆಂಗಸರ ಕೆಳದವಡೆಯ ಮುಂದಿನ ಹಲ್ಲುಗಳ ಬುಡದಲ್ಲಿ ಕಾಣುತ್ತದೆ. ಶುರುವಿನಲ್ಲಿ ಎಕ್ಸ್‌ರೇ ನೋಡಿದರೆ ಥೇಟ್ ಕೀವಿನ ಚೀಲ. ಅದಕ್ಕೆ ಬೇಕಾದ ಚಿಕಿತ್ಸೆ ಏನೂ ಇಲ್ಲ, ಸುಮ್ನೆ ಬಿಟ್ಟರೆ ಆಯಿತು. ಐಸ್ ತಾಗಿಸದೆ ಹೋದರೆ ಗಟ್ಟಿಯಾದ ನಾಲ್ಕು ಹಲ್ಲಿಗೆ ರೂಟ್ ಕೆನಾಲ್ ಆಗಿಬಿಡುತ್ತದೆ.

ಎರಡನೆಯದು ಓಪಿಜಿ. ಎರಡೂ ದವಡೆ ಒಂದೇ ಫಿಲ್ಮಿನಲ್ಲಿ ಕಾಣುವ ಉದ್ದದ ಎಕ್ಸ್‌ರೇ. ಕೆಲವೇ ನೂರು ರೂಪಾಯಿಯ ಮಾತು. ಬೆರಳಷ್ಟು ಸಣ್ಣ ಹಲ್ಲಿನ ಎಕ್ಸ್‌ರೇಯಲ್ಲಿ ಗಂಟಿನ ಒಂದು ಮೂಲೆ ಮಾತ್ರ ಕಾಣುತ್ತದೆ. ಮೂಲೆ ನೋಡಿದವರಿಗೆ ಅದು ಬಾವು ಅನಿಸುವುದು ಸಹಜ. ಒಂದು ಕೋರ್ಸ್ ಆಂಟಿಬಯಾಟಿಕ್‌ಗೆ ಇಳಿಯದ ಊತಕ್ಕೆ ಎರಡನೇ ಕೋರ್ಸ್ ಬರೆಯುವ ಮೊದಲು ಓಪಿಜಿ ತೆಗೆಸಬೇಕು. ಈ ಒಂದು ನಿಯಮ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಕ್ಲಿನಿಕ್‌ಗಳಲ್ಲೂ ರೂಢಿಯಾದರೆ ಎಷ್ಟೋ ಜನರ ಒಂದೆರಡು ವರ್ಷ ಉಳಿಯುತ್ತದೆ.

ಓಪಿಜಿಯಲ್ಲಿ ನೋಡುವ ಕಣ್ಣಿದ್ದರೆ ಬಹಳಷ್ಟು ಸುಳಿವು ಸಿಗುತ್ತದೆ. ಅಮೆಲೋಬ್ಲಾಸ್ಟೊಮಾ ಹೆಚ್ಚಾಗಿ ಕೆಳದವಡೆಯ ಹಿಂಭಾಗದಲ್ಲಿ, ಬುದ್ಧಿಹಲ್ಲಿನ ಆಸುಪಾಸಿನಲ್ಲಿ ಬರುತ್ತದೆ. ಸೋಪಿನ ಗುಳ್ಳೆಗಳ ಗುಂಪಿನಂತೆ ಕೋಣೆಕೋಣೆಯಾಗಿ ಕಾಣುತ್ತದೆ. ಪಕ್ಕದ ಹಲ್ಲಿನ ಬೇರುಗಳನ್ನು ಕರಗಿಸುತ್ತದೆ, ಮೂಳೆಯನ್ನು ಕೆನ್ನೆ ಕಡೆಗೂ ನಾಲಿಗೆ ಕಡೆಗೂ ಉಬ್ಬಿಸುತ್ತದೆ. ಕೆರಾಟೊಸಿಸ್ಟ್ ನಡತೆ ಬೇರೆ. ಅದು ಮೂಳೆಯೊಳಗಿನ ಮೆದು ಭಾಗದಲ್ಲಿ ಉದ್ದಕ್ಕೆ ಹರಿದುಕೊಂಡು ಹೋಗುತ್ತದೆ. ಹೊರಗೆ ಊತ ಕಾಣುವ ಹೊತ್ತಿಗೆ ಒಳಗೆ ಅರ್ಧ ದವಡೆ ಟೊಳ್ಳಾಗಿರಬಹುದು. ಒಬ್ಬರಲ್ಲೇ ಇಂಥವು ಎರಡು ಮೂರು ಕಂಡರೆ, ಅದರಲ್ಲೂ ಎಳೆ ವಯಸ್ಸಿನಲ್ಲಿ ಕಂಡರೆ, ಗಾರ್ಲಿನ್-ಗೋಲ್ಟ್ಜ್ ಸಿಂಡ್ರೋಮ್ ಇದೆಯೇ ಎಂದು ನೋಡಬೇಕು. ಅದು ಪಿಟಿಸಿಎಚ್1 ಎಂಬ ಜೀನಿನ ದೋಷ, ಮನೆತನದಲ್ಲಿ ಹರಿದುಬರುತ್ತದೆ. ಆಗ ರೋಗಿಯ ಅಣ್ಣತಮ್ಮಂದಿರ, ಮಕ್ಕಳ ಓಪಿಜಿಯನ್ನೂ ನೋಡಬೇಕಾಗುತ್ತದೆ.

ಎಲ್ಲವೂ ಹೀಗೆ ಹೆದರಿಸುವಂಥದ್ದಲ್ಲ. ಒಡೊಂಟೋಮಾ ಎಂಬುದೊಂದಿದೆ, ಹಲ್ಲು ಕಟ್ಟುವ ಕೆಲಸ ಹಳಿ ತಪ್ಪಿ ಒಂದೇ ಜಾಗದಲ್ಲಿ ಪುಟಾಣಿ ಹಲ್ಲುಗಳ ರಾಶಿ. 2019ರಲ್ಲಿ ಚೆನ್ನೈನಲ್ಲಿ ಏಳು ವರ್ಷದ ಹುಡುಗನ ದವಡೆಯಿಂದ 526 ಹಲ್ಲು ತೆಗೆದ ಸುದ್ದಿ ಎಲ್ಲರ ಮೊಬೈಲಿಗೂ ಬಂದಿತ್ತು, ನೆನಪಿದೆಯಾ? ಅದೇ ಇದು. ತೆಗೆದರೆ ಮುಗಿಯಿತು. ಹದಿಹರೆಯದ ಹುಡುಗಿಯರಲ್ಲಿ, ಮೇಲ್ದವಡೆಯ ಹೊರಬರದ ಕೋರೆಹಲ್ಲಿನ ಸುತ್ತ ಹೆಚ್ಚಾಗಿ ಬರುವ ಅಡಿನೋಮಟಾಯ್ಡ್ ಗಂಟೂ ಹಾಗೇ, ಚೀಲ ಸಮೇತ ಬಿಡಿಸಿ ತೆಗೆದರೆ ಮರಳುವುದು ತೀರಾ ಕಡಿಮೆ.

ಎಕ್ಸ್‌ರೇ ನೋಡಿದ ಮೇಲೆ, ತುಂಡು ತೆಗೆಯುವ ಮೊದಲು, ಸೂಜಿ. ನನ್ನ ಪ್ರಕಾರ ಇಡೀ ಪ್ರಕ್ರಿಯೆಯಲ್ಲಿ ಅತಿ ಕಡಿಮೆ ಬೆಲೆಯ, ಅತಿ ಹೆಚ್ಚು ಕಡೆಗಣಿಸಿದ ಹೆಜ್ಜೆ ಇದು. ಮೂಳೆ ತೆಳುವಾದ ಕಡೆ ದಪ್ಪ ಸೂಜಿ ಇಳಿಸಿ ಸಿರಿಂಜ್ ಹಿಂದಕ್ಕೆ ಎಳೆಯುತ್ತಾರೆ. ತಿಳಿ ಹಳದಿ ನೀರು ಬಂದರೆ ಸಾಮಾನ್ಯವಾಗಿ ಸಿಸ್ಟ್, ಅಂದರೆ ನೀರು ತುಂಬಿದ ಚೀಲ. ದಪ್ಪಗೆ, ಬಿಳಿಯಾಗಿ, ಕೆನೆಗಟ್ಟಿದಂಥದ್ದು ಬಂದರೆ ಕೆರಾಟೊಸಿಸ್ಟ್ ಕಡೆ ಬೊಟ್ಟು. ಏನೂ ಬರದಿದ್ದರೆ ಒಳಗೆ ಗಟ್ಟಿ ಗಂಟಿದೆ. ಕೆಂಪು ರಕ್ತ ಸಲೀಸಾಗಿ ಸಿರಿಂಜ್ ತುಂಬಿದರೆ ಅಲ್ಲಿಗೆ ಕೈ ನಿಲ್ಲಬೇಕು. ಅದು ರಕ್ತನಾಳಗಳ ಗೋಜಲು ಇರಬಹುದು. ಅಂಥ ದವಡೆಯಲ್ಲಿ ಅಲುಗಾಡುವ ಹಲ್ಲು ಕಿತ್ತರೂ ಸಾಕು, ಕುರ್ಚಿಯಲ್ಲೇ ಜೀವಕ್ಕೆ ಕುತ್ತಾಗುವಷ್ಟು ರಕ್ತ ಹೋಗುತ್ತದೆ. ಹಲ್ಲಿನ ಸುತ್ತ ತಾನಾಗಿ ಆಗಾಗ ರಕ್ತ ಜಿನುಗುತ್ತಿದ್ದರೆ, ಒತ್ತಿದಾಗ ಹಲ್ಲು ಒಳಗೆ ಕೂತು ಮತ್ತೆ ಮೇಲೆ ಬಂದಂತಾದರೆ, ಕೀಳುವ ಮಾತೇ ಎತ್ತಬಾರದು.

ಇನ್ನು ಬಯಾಪ್ಸಿ, ಅಂದರೆ ಗಂಟಿನ ಸಣ್ಣ ತುಂಡು ತೆಗೆದು ಲ್ಯಾಬಿನಲ್ಲಿ ನೋಡುವುದು. ಚಾಕು ತಾಗಿದರೆ ಗಂಟು ಕ್ಯಾನ್ಸರ್ ಆಗುತ್ತದೆ, ಮೈಯೆಲ್ಲ ಹರಡುತ್ತದೆ ಅನ್ನುವ ಭಯ ನಮ್ಮ ಕಡೆ ಗಟ್ಟಿಯಾಗಿ ಬೇರೂರಿದೆ. ಅದು ನಿಜವಲ್ಲ. ನಿಜವಾದ ಅಪಾಯ ಎರಡು. ಸರಿಯಾದ ಜಾಗದಿಂದ ತೆಗೆಯದ ತುಂಡು, ಸರಿಯಾಗಿ ಕಳಿಸದ ತುಂಡು.

ತುಂಡು ಸ್ಪಿರಿಟ್‌ನಲ್ಲೂ ಸಲೈನ್‌ನಲ್ಲೂ ಹಾಕುವಂತಿಲ್ಲ. 10 ಪರ್ಸೆಂಟ್ ಫಾರ್ಮಾಲಿನ್ ಬೇಕು, ಅದೂ ತುಂಡಿನ ಹತ್ತು ಪಟ್ಟಾದರೂ. ಏಪ್ರಿಲ್-ಮೇನಲ್ಲಿ ಕಲಬುರಗಿಯ ಬಿಸಿಲು 42-43 ಡಿಗ್ರಿ ಮುಟ್ಟುತ್ತದೆ. ಸಲೈನ್ ಬಾಟಲಿಯಲ್ಲಿ ಮುಳುಗಿಸಿದ, ಇಲ್ಲವೇ ಬಟ್ಟೆಯಲ್ಲಿ ಸುತ್ತಿದ ತುಂಡು ಬಸ್ಸಿನ ಸೀಟಿನ ಮೇಲೆ ನಾಲ್ಕು ತಾಸು ಕೂತರೆ ಕೋಶಗಳು ಕೊಳೆಯಲು ಶುರುವಾಗುತ್ತವೆ. ಮೈಕ್ರೋಸ್ಕೋಪಿನಲ್ಲಿ ಅವು ಅಳಿಸಿದ ಅಕ್ಷರದಂತೆ ಕಾಣುತ್ತವೆ. ಆಮೇಲೆ ವರದಿ ಬರುತ್ತದೆ: "ಮಾದರಿ ಸಾಕಾಗಿಲ್ಲ, ಮತ್ತೆ ಕಳಿಸಿ." ರೋಗಿ ಮತ್ತೆ ಕುಯ್ಯಿಸಿಕೊಳ್ಳಲು ಬರುವುದೇ ಇಲ್ಲ.

ಬಾಟಲಿಗಿಂತ ದೊಡ್ಡ ತೊಂದರೆ ಅದರ ಜೊತೆ ಹೋಗುವ ಚೀಟಿ. ಬಹಳ ಸಲ ಅದರಲ್ಲಿ ಇರುವುದು ಇಷ್ಟೇ: ಹೆಸರು, ವಯಸ್ಸು, "ಬಲ ದವಡೆಯ ಗಂಟು, ಬಯಾಪ್ಸಿಗೆ". ಓಪಿಜಿ ಜೊತೆಗಿರುವುದಿಲ್ಲ. ಎಷ್ಟು ದಿನದಿಂದ ಇದೆ, ಹಲ್ಲಿಗೆ ಜೀವ ಇದೆಯೋ ಇಲ್ಲವೋ, ಸೂಜಿಯಲ್ಲಿ ಏನು ಬಂತು, ಮೇಲ್ಭಾಗದಿಂದ ತೆಗೆದದ್ದೋ ಆಳದಿಂದಲೋ, ಒಂದಕ್ಷರವೂ ಇಲ್ಲ. ಎಕ್ಸ್‌ರೇ ಕಳಿಸಿದರೂ ಅದು ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಫೋಟೊ. ಅಂಚಿನಲ್ಲಿ ಹೆಬ್ಬೆರಳು, ನಡುವೆ ಬೆಳಕಿನ ಪಟ್ಟೆ. ಗಂಟಿನ ಗಡಿ ಎಲ್ಲಿದೆ ಎಂಬುದೇ ಕಾಣುವುದಿಲ್ಲ.

ಗಡಿ ಯಾಕೆ ಅಷ್ಟು ಮುಖ್ಯ ಅಂದರೆ, ದವಡೆಯ ಹಲವು ಗಂಟುಗಳಲ್ಲಿ ಸ್ಲೈಡ್ ಪೂರ್ತಿ ಉತ್ತರ ಕೊಡುವುದಿಲ್ಲ. ಇದು ಸಾಮಾನ್ಯ ಜನರಿಗಷ್ಟೇ ಅಲ್ಲ, ಬೇರೆ ವಿಭಾಗದ ಎಷ್ಟೋ ಡಾಕ್ಟರುಗಳಿಗೂ ಹೊಸ ಮಾತು. ಬಯಾಪ್ಸಿ ಎಂದರೆ ಕೊನೆಯ ತೀರ್ಪು ಎಂದು ನಾವು ನಂಬಿದ್ದೇವೆ. ಹೆಚ್ಚಿನ ಕ್ಯಾನ್ಸರುಗಳಲ್ಲಿ ಅದು ಹೌದು. ಇಲ್ಲಿ ಹಾಗಲ್ಲ.

ಫೈಬ್ರಸ್ ಡಿಸ್‌ಪ್ಲಾಸಿಯಾ, ಒಸಿಫೈಯಿಂಗ್ ಫೈಬ್ರೋಮಾ, ಸಿಮೆಂಟೊ-ಒಸಿಯಸ್ ಡಿಸ್‌ಪ್ಲಾಸಿಯಾ. ಮೂರರಲ್ಲೂ ಸ್ಲೈಡಿನಲ್ಲಿ ಕಾಣುವುದು ನಾರಿನಂಥ ಅಂಗಾಂಶ, ಅದರ ನಡುವೆ ಅಲ್ಲಲ್ಲಿ ಎಳೆ ಮೂಳೆಯ ಚೂರು. ಸಣ್ಣ ತುಂಡು ಕೊಟ್ಟು ಇವುಗಳಲ್ಲಿ ಯಾವುದು ಎಂದು ಕೇಳಿದರೆ ಸ್ಲೈಡ್ ಓದುವ ಅನುಭವಿ ಡಾಕ್ಟರು, ಅಂದರೆ ಪ್ಯಾಥಾಲಜಿಸ್ಟರೂ "ಬಿನೈನ್ ಫೈಬ್ರೊ-ಒಸಿಯಸ್ ಲೀಸನ್" (ಕ್ಯಾನ್ಸರ್ ಅಲ್ಲದ ನಾರು-ಮೂಳೆಯ ಗಂಟು) ಎಂದು ಬರೆದು ಕೈ ಬಿಡುತ್ತಾರೆ. ಅದು ಅವರ ತಪ್ಪಲ್ಲ, ಅಷ್ಟೇ ಹೇಳಲು ಸಾಧ್ಯ. ತೀರ್ಮಾನ ಮಾಡುವುದು ಎಕ್ಸ್‌ರೇ. ಒಸಿಫೈಯಿಂಗ್ ಫೈಬ್ರೋಮಾಗೆ ಸುತ್ತ ಗೆರೆ ಎಳೆದಂಥ ಸ್ಪಷ್ಟ ಗಡಿ ಇರುತ್ತದೆ. ಫೈಬ್ರಸ್ ಡಿಸ್‌ಪ್ಲಾಸಿಯಾಗೆ ಗಡಿಯೇ ಇರುವುದಿಲ್ಲ, ಮಸುಕು ಗಾಜಿನ ಹಾಗೆ ಇದ್ದು ಒಳ್ಳೆಯ ಮೂಳೆಯೊಳಗೆ ಕರಗಿಹೋಗುತ್ತದೆ. ಮೂರನೆಯದು ಜೀವಂತ ಹಲ್ಲುಗಳ ಬೇರಿಗೆ ಅಂಟಿಕೊಂಡೇ ಇರುತ್ತದೆ.

ಚಿಕಿತ್ಸೆ ನೋಡಿ. ಒಸಿಫೈಯಿಂಗ್ ಫೈಬ್ರೋಮಾವನ್ನು ಪೂರ್ತಿ ತೆಗೆಯಬೇಕು, ಬಿಟ್ಟರೆ ಬೆಳೆಯುತ್ತಲೇ ಇರುತ್ತದೆ. ಫೈಬ್ರಸ್ ಡಿಸ್‌ಪ್ಲಾಸಿಯಾ ಮಕ್ಕಳಲ್ಲಿ ಶುರುವಾಗಿ, ಸಾಮಾನ್ಯವಾಗಿ ಮೈ ಬೆಳವಣಿಗೆ ನಿಂತ ಮೇಲೆ ನಿಧಾನವಾಗುತ್ತದೆ. ಹಾಗಾಗಿ ಕಾಯುವುದೇ ಜಾಣತನ. ಮುಖ ವಾರೆಯಾಗಿದ್ದರೆ ದೊಡ್ಡವರಾದ ಮೇಲೆ ಕೆತ್ತಿ ಸರಿಮಾಡುತ್ತಾರೆ. ಮೂರನೆಯದನ್ನು ಮುಟ್ಟಲೇಬಾರದು. ಆ ಮೂಳೆಗೆ ರಕ್ತ ಓಡಾಟ ಕಡಿಮೆ, ಕುಯ್ದರೆ ಸೋಂಕಾಗಿ ಮಾಯುವುದಿಲ್ಲ. ಒಂದಕ್ಕೆ ಆಪರೇಷನ್, ಒಂದಕ್ಕೆ ಕಾಯುವುದು, ಒಂದಕ್ಕೆ ಬಿಟ್ಟುಬಿಡುವುದು. ಚೀಟಿಯ ಜೊತೆ ಓಪಿಜಿ ಹೋಗದಿದ್ದರೆ ಈ ಮೂರೂ ಒಂದೇ ಸಾಲಿನ ವರದಿಯಾಗಿ ವಾಪಸ್ ಬರುತ್ತವೆ.

ಜೈಂಟ್ ಸೆಲ್ ಗಂಟಿನ ಕಥೆಯಂತೂ ಇನ್ನೂ ವಿಚಿತ್ರ. ಸ್ಲೈಡಿನಲ್ಲಿ ಹತ್ತಾರು ನ್ಯೂಕ್ಲಿಯಸ್ ತುಂಬಿಕೊಂಡ ದೊಡ್ಡ ದೊಡ್ಡ ಕೋಶಗಳು. ವರದಿ "ಸೆಂಟ್ರಲ್ ಜೈಂಟ್ ಸೆಲ್ ಗ್ರಾನುಲೋಮಾ" ಎಂದು ಬರುತ್ತದೆ. ಸರಿ, ದವಡೆ ಕೆರೆದು ತೆಗೆಯೋಣ ಎಂದು ದಿನ ಗೊತ್ತು ಮಾಡುತ್ತಾರೆ. ಆದರೆ ಕತ್ತಿನಲ್ಲಿ ಥೈರಾಯ್ಡಿನ ಹಿಂದೆ ಕಾಳಿನಷ್ಟು ಸಣ್ಣ ಪ್ಯಾರಾಥೈರಾಯ್ಡ್ ಗ್ರಂಥಿಗಳು ಇವೆ, ಸಾಮಾನ್ಯವಾಗಿ ನಾಲ್ಕು. ಅದರಲ್ಲಿ ಒಂದು ಕೆಟ್ಟು ಹಾರ್ಮೋನು ಜಾಸ್ತಿ ಸುರಿಸಿದರೆ ಮೂಳೆಯಿಂದ ಕ್ಯಾಲ್ಸಿಯಂ ಸೋರುತ್ತದೆ. ದವಡೆಯಲ್ಲಿ ಗಂಟು ಏಳುತ್ತದೆ. ಅದಕ್ಕೆ ಬ್ರೌನ್ ಟ್ಯೂಮರ್ ಎಂದು ಹೆಸರು. ಮೈಕ್ರೋಸ್ಕೋಪಿನಲ್ಲಿ ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಬೇರೆ ಮಾಡುವುದು ರಕ್ತಪರೀಕ್ಷೆ: ಕ್ಯಾಲ್ಸಿಯಂ ಮತ್ತು ಪಿಟಿಎಚ್ (ಆ ಗ್ರಂಥಿ ಸುರಿಸುವ ಹಾರ್ಮೋನು). ಕ್ಯಾಲ್ಸಿಯಂ ಏರಿದ್ದರೆ ಕೈ ಹಾಕಬೇಕಾದ್ದು ಕತ್ತಿಗೆ. ಗ್ರಂಥಿ ಸರಿಮಾಡಿದರೆ ದವಡೆಯ ಗಂಟು ಹೆಚ್ಚಾಗಿ ತಾನೇ ತಗ್ಗುತ್ತದೆ. ಕಿಡ್ನಿ ಕೆಟ್ಟು ವರ್ಷಗಟ್ಟಲೆ ಡಯಾಲಿಸಿಸ್ ಮೇಲಿರುವವರಲ್ಲೂ ಇದು ಬರುತ್ತದೆ. ಕಿಡ್ನಿಯಲ್ಲಿ ಪದೇ ಪದೇ ಕಲ್ಲಾಗುತ್ತಿತ್ತು ಅನ್ನುವ ರೋಗಿಯ ದವಡೆಯಲ್ಲಿ ಜೈಂಟ್ ಸೆಲ್ ವರದಿ ಬಂದರೆ ಯಾರಿಗಾದರೂ ಕಿವಿ ನೆಟ್ಟಗಾಗಬೇಕು. ಆದರೆ ಕಲ್ಲಿನ ವಿಷಯ ಹಲ್ಲಿನ ಡಾಕ್ಟರಿಗೆ ಯಾರು ಹೇಳುತ್ತಾರೆ? ಅವರು ಕೇಳಿದರೆ ತಾನೆ.

ಉಲ್ಟಾ ತಪ್ಪೂ ಆಗುತ್ತದೆ. ಕ್ಯಾನ್ಸರ್ ಅಲ್ಲದ್ದು ಕ್ಯಾನ್ಸರ್ ಆಗಿ ಕಾಣುವುದು. ನಾಲಿಗೆಯಲ್ಲಿ ಬರುವ ಗ್ರಾನ್ಯುಲರ್ ಸೆಲ್ ಟ್ಯೂಮರ್ ಇದಕ್ಕೆ ತಕ್ಕ ಉದಾಹರಣೆ. ಗಂಟು ಚರ್ಮದ ಕೆಳಗೆ ಇರುತ್ತದೆ. ಆದರೆ ಅದರ ಮೇಲಿನ ಪದರ ಕೆರಳಿ, ಬೇರು ಬಿಟ್ಟಂತೆ ಕೆಳಕ್ಕೆ ಇಳಿಯುತ್ತದೆ. ಮೇಲೆ ಮೇಲೆ ಚಿವುಟಿದ ತುಂಡಿನಲ್ಲಿ ಆ ಪದರ ಮಾತ್ರ ಸಿಕ್ಕರೆ ನೋಡಲು ಥೇಟ್ ಸ್ಕ್ವಾಮಸ್ ಸೆಲ್ ಕ್ಯಾನ್ಸರ್, ಅಂದರೆ ಸಾಮಾನ್ಯವಾಗಿ ಕಾಣುವ ಬಾಯಿ ಕ್ಯಾನ್ಸರ್. ಚೀಟಿಯಲ್ಲಿ "ಗುಟ್ಕಾ ಚಟ, ಹತ್ತು ವರ್ಷ" ಎಂದು ಬೇರೆ ಬರೆದಿದ್ದರೆ ಓದುವವರ ಮನಸ್ಸು ಯಾವ ಕಡೆ ವಾಲುತ್ತದೆ ಹೇಳಬೇಕಾಗಿಲ್ಲ. ಬಾಯಿ ಕ್ಯಾನ್ಸರ್ ಜಾಸ್ತಿ ಇರುವ ಊರಿನಲ್ಲಿ ಈ ತಪ್ಪಿಗೆ ಅವಕಾಶವೂ ಜಾಸ್ತಿ. ಪರಿಹಾರ ಸರಳ, ತುಂಡು ಆಳದಿಂದ ಬರಬೇಕು. ಅಂಗುಳಿನ ಮೇಲೆ ಏಕಾಏಕಿ ಹುಣ್ಣಾಗಿ, ಆರರಿಂದ ಹತ್ತು ವಾರದಲ್ಲಿ ತಾನೇ ಮಾಯುವ ನೆಕ್ರೊಟೈಸಿಂಗ್ ಸಯಲೊಮೆಟಪ್ಲಾಸಿಯಾ ಎಂಬುದೂ ಹೀಗೇ ಕ್ಯಾನ್ಸರ್ ವೇಷ ಹಾಕುತ್ತದೆ. ಇದನ್ನು ಗುರುತಿಸಿ ಬರೆದದ್ದೇ 1973ರಲ್ಲಿ.

ಹಾಗಾದರೆ ಸ್ಲೈಡ್ ಓದುವವರು ಯಾರಾಗಿರಬೇಕು? ನಮ್ಮ ಭಾಗದ ದೊಡ್ಡ ವ್ಯಂಗ್ಯ ಇಲ್ಲಿದೆ. ಬಾಯಿ ಮತ್ತು ದವಡೆಯ ಅಂಗಾಂಶ ಓದುವುದೇ ಒಂದು ಪ್ರತ್ಯೇಕ ವಿಭಾಗ, ಓರಲ್ ಪ್ಯಾಥಾಲಜಿ. ಬಿಡಿಎಸ್ ಮೂರನೇ ವರ್ಷದಲ್ಲಿ ಅದೊಂದು ವಿಷಯ. ಡೆಂಟಲ್ ಕಾಲೇಜು ಅಂದಮೇಲೆ ಅದರ ವಿಭಾಗ ಇರಲೇಬೇಕು. ಕಲಬುರಗಿಯಲ್ಲಿ ಎಚ್‌ಕೆಇ ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತ ವೈದ್ಯಕೀಯ ಕಾಲೇಜಿದೆ, ಅಲ್-ಬದರ್ ಗ್ರಾಮೀಣ ದಂತ ಕಾಲೇಜಿದೆ. ಬೀದರಿನಲ್ಲಿ ಎಸ್.ಬಿ. ಪಾಟೀಲ ದಂತ ಕಾಲೇಜಿದೆ. ಯಾದಗಿರಿಯವರಿಗೆ ಕಲಬುರಗಿ ಇಲ್ಲವೇ ರಾಯಚೂರು ಹತ್ತಿರ. ಅಂದರೆ ಓಪಿಜಿ ನೋಡಬಲ್ಲ, ಸ್ಲೈಡ್ ಓದಬಲ್ಲ, ಬಾಯಿ ಪರೀಕ್ಷಿಸಬಲ್ಲ ಮೂವರೂ ಒಂದೇ ಕಟ್ಟಡದಲ್ಲಿ ಸಿಗುವ ಜಾಗಗಳು ನಮ್ಮಲ್ಲೇ ಇವೆ. ಆದರೂ ಖಾಸಗಿ ಕ್ಲಿನಿಕ್ಕಿನ ತುಂಡು ಎಷ್ಟೋ ಸಲ ಕೊರಿಯರ್ ಹತ್ತಿ ಹೈದರಾಬಾದಿಗೋ ಬೆಂಗಳೂರಿಗೋ ಹೋಗುತ್ತದೆ. ಅಲ್ಲಿ ಅದನ್ನು ನೋಡುವವರು ಬೆಳಗ್ಗೆಯಿಂದ ಗರ್ಭಕೋಶ, ಅಪೆಂಡಿಕ್ಸ್, ಪಿತ್ತಕೋಶ ನೋಡುತ್ತಾ ಕೂತ ಜನರಲ್ ಪ್ಯಾಥಾಲಜಿಸ್ಟ್. ಅವರ ಜಾಣತನದ ಬಗ್ಗೆ ಅನುಮಾನವಿಲ್ಲ. ಆದರೆ ಹಲ್ಲಿನ ಕೋಶದಿಂದ ಹುಟ್ಟಿದ ಗಂಟು ಅವರ ಮೇಜಿಗೂ ಅಪರೂಪವೇ. ಎಕ್ಸ್‌ರೇ ನೋಡಬೇಕು ಎನಿಸಿದರೂ ಕೇಳುವುದು ಯಾರನ್ನು?

ಲ್ಯಾಬಿನವರು ಬಂದು ಬಾಟಲಿ ಒಯ್ಯುತ್ತಾರೆ, ವರದಿ ವಾಟ್ಸಾಪಿಗೆ ಬರುತ್ತದೆ. ಕಾಲೇಜಿಗಾದರೆ ರೋಗಿಯನ್ನೇ ಕಳಿಸಬೇಕು, ಕಳಿಸಿದರೆ ಆತ ವಾಪಸ್ ಬರುವುದಿಲ್ಲ ಎಂಬ ಅಳುಕು ಕ್ಲಿನಿಕ್‌ನವರಿಗೆ. ಅಳುಕು ಸುಳ್ಳೇನಲ್ಲ. ಕಾಲೇಜುಗಳು ಹೊರಗಿನ ಡಾಕ್ಟರಿಂದ ಬರೀ ತುಂಡು ಮತ್ತು ಓಪಿಜಿ ತೆಗೆದುಕೊಂಡು ವರದಿ ಮಾತ್ರ ಕೊಡುವ ದಾರಿ ಸಲೀಸು ಮಾಡಿದರೆ ಈ ಗಂಟು ಅರ್ಧ ಬಿಚ್ಚುತ್ತದೆ.

ಸ್ಲೈಡ್ ಬಗ್ಗೆ ಅನುಮಾನ ಬಂದರೆ ಇನ್ನೊಬ್ಬರಿಗೆ ತೋರಿಸಬಹುದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ತುಂಡನ್ನು ಲ್ಯಾಬಿನಲ್ಲಿ ಮೇಣದ ಅಚ್ಚಿನಲ್ಲಿ ಕೂರಿಸಿಡುತ್ತಾರೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಅದರಿಂದ ಮತ್ತೆ ಸ್ಲೈಡ್ ಕತ್ತರಿಸಬಹುದು, ಹೊಸದಾಗಿ ಕುಯ್ಯುವ ಅಗತ್ಯವಿಲ್ಲ. ಎರಡನೇ ಅಭಿಪ್ರಾಯಕ್ಕೆ ಬ್ಲಾಕ್ ಮತ್ತು ಸ್ಲೈಡ್ ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ. ದವಡೆಯ ಒಂದು ಭಾಗವನ್ನೇ ತೆಗೆಯುವ ಆಪರೇಷನ್ ಹೇಳಿದಾಗಲಂತೂ ಕೇಳಲೇಬೇಕು.

"ಕ್ಯಾನ್ಸರ್ ಇಲ್ಲ" ಎಂಬ ವರದಿ ಬಂದ ದಿನ ಮನೆಯಲ್ಲಿ ಹರಕೆ ತೀರಿಸುವ ಮಾತು ನಡೆಯುತ್ತದೆ. ಶರಣಬಸವೇಶ್ವರ ಗುಡಿಗೆ ಕಾಯಿ, ಬಂದೇ ನವಾಜ್ ದರ್ಗಾಕ್ಕೆ ಚಾದರ. ಆ ಸಮಾಧಾನ ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿಗೇ ಚಿಕಿತ್ಸೆಯ ಆತುರವೂ ಇಳಿದುಹೋಗುತ್ತದೆ. ಅಮೆಲೋಬ್ಲಾಸ್ಟೊಮಾ ಜೀವ ತೆಗೆಯುವುದು ತೀರಾ ಅಪರೂಪ, ನಿಜ. ಆದರೆ ದವಡೆ ತಿನ್ನುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ಗಡಿಯನ್ನೂ ದಾಟಿ ಮೂಳೆಯ ಸಂದುಗಳಲ್ಲಿ ಅದರ ಕೋಶಗಳು ಹೊಕ್ಕಿರುತ್ತವೆ. ಸುಮ್ನೆ ಕೆರೆದು ತೆಗೆದರೆ ಅರ್ಧಕ್ಕಿಂತ ಹೆಚ್ಚು ಸಲ ಮರಳಿ ಬಂದದ್ದನ್ನು ಹಲವು ವರದಿಗಳು ಹೇಳುತ್ತವೆ. ಅದಕ್ಕೇ ಒಂದರಿಂದ ಎರಡು ಸೆಂಟಿಮೀಟರ್ ಒಳ್ಳೆಯ ಮೂಳೆಯನ್ನೂ ಸೇರಿಸಿ ತೆಗೆಯಬೇಕು. ಚಿಕ್ಕದಿದ್ದಾಗ ಸಿಕ್ಕರೆ ದವಡೆಯ ಕೆಳ ಅಂಚನ್ನಾದರೂ ಉಳಿಸಬಹುದು. ಅರ್ಧ ದವಡೆ ಹೋದರೆ ಕಾಲಿನ ಮೂಳೆ ತಂದು ಕೂಡಿಸುವ ಮಟ್ಟಕ್ಕೆ ಹೋಗುತ್ತದೆ.

2014ರಲ್ಲಿ ಈ ಗಂಟಿನಲ್ಲಿ ಬಿಆರ್‌ಎಎಫ್ ಎಂಬ ಜೀನಿನ ಬದಲಾವಣೆ ಪತ್ತೆಯಾಯಿತು. ಕೆಳದವಡೆಯ ಅಮೆಲೋಬ್ಲಾಸ್ಟೊಮಾಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಇದು ಇರುತ್ತದೆ. ಅದಕ್ಕೆ ತಡೆ ಒಡ್ಡುವ ಮಾತ್ರೆಗಳಿಂದ ಗಂಟು ಕುಗ್ಗಿದ ಉದಾಹರಣೆಗಳೂ ಬಂದಿವೆ. ಕುತೂಹಲದ ಸಂಗತಿಯೇ. ಆದರೆ ಓಪಿಜಿ ಸಮಯಕ್ಕೆ ಸಿಗದ ಕಡೆ ಜೀನ್ ಪರೀಕ್ಷೆಯ ಮಾತು ನನಗೆ ಸ್ವಲ್ಪ ದೂರದ್ದು ಅನಿಸುತ್ತದೆ.

ಕೆರಾಟೊಸಿಸ್ಟ್ ಇದ್ದವರಿಗೆ ಒಂದು ಮಾತು. ಹಳೆಯ ವರದಿಯಲ್ಲಿ ಟ್ಯೂಮರ್ ಎಂದಿದ್ದು, ಹೊಸದರಲ್ಲಿ ಸಿಸ್ಟ್ ಎಂದಿದ್ದರೆ ಗಾಬರಿ ಬೇಡ. ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು 2005ರಲ್ಲಿ ಟ್ಯೂಮರ್ ಪಟ್ಟಿಗೆ ಸೇರಿಸಿ, 2017ರಲ್ಲಿ ವಾಪಸ್ ಸಿಸ್ಟ್ ಪಟ್ಟಿಗೆ ತಂದಿತು. ಕಾಯಿಲೆ ಅದೇ. ಮರಳಿ ಬರುವ ಸ್ವಭಾವವೂ ಅದೇ.

ಇನ್ನು ಕನ್ನಡಿಯಲ್ಲಿ ನೋಡಿಕೊಂಡು ಸುಮ್ಮನೆ ಹೆದರುವಂಥವು. ಅಂಗುಳಿನ ನಟ್ಟನಡುವೆ ಗಟ್ಟಿ ಮೂಳೆಯ ಉಬ್ಬು, ಕೆಳದವಡೆಯ ಒಳಬದಿಯಲ್ಲಿ ಎರಡೂ ಕಡೆ ಒಂದೇ ರೀತಿಯ ಗುಬ್ಬಿಗಳು: ಇವು ಟೋರಸ್, ಕಾಯಿಲೆಯೇ ಅಲ್ಲ. ಹಲ್ಲಿನ ಸೆಟ್ ಕಟ್ಟಿಸುವಾಗ ಅಡ್ಡ ಬಂದರೆ ಮಾತ್ರ ತೆಗೆಯುತ್ತಾರೆ. ಬಸುರಿಯರ ಒಸಡಿನಲ್ಲಿ ಕೆಂಪಗೆ ಏಳುವ, ತಾಗಿದರೆ ರಕ್ತ ಬರುವ ಗಂಟು ಹೆರಿಗೆಯಾದ ಮೇಲೆ ಹೆಚ್ಚಾಗಿ ಕುಗ್ಗುತ್ತದೆ. ಹುಟ್ಟಿದ ಕೂಸಿನ, ಅದರಲ್ಲೂ ಹೆಣ್ಣುಕೂಸಿನ ಮೇಲೊಸಡಿನಿಂದ ನೇತಾಡುವ ಗಂಟು ನೋಡಿದರೆ ಗ್ರಹಣದ ಮಾತು ಎದ್ದುಬಿಡುತ್ತದೆ. ಅದು ಕಂಜೆನಿಟಲ್ ಎಪ್ಯುಲಿಸ್. ಹಾಲು ಕುಡಿಯಲು ಅಡ್ಡಿಯಾದರೆ ಸಣ್ಣ ಆಪರೇಷನ್, ಮತ್ತೆ ಬರುವುದಿಲ್ಲ.

ತಡ ಮಾಡಲೇಬಾರದ ಲಕ್ಷಣಗಳು ಬೇರೆ ಇವೆ. ಕೆಳತುಟಿ, ಗದ್ದ ಮರಗಟ್ಟುವುದು. ವಾರಗಳಲ್ಲೇ ದೊಡ್ಡದಾಗುವ ಗಂಟು. ಎರಡು ವಾರವಾದರೂ ಮಾಯದ ಹುಣ್ಣು. ಕತ್ತಿನಲ್ಲಿ ಗಟ್ಟಿ ಗಡ್ಡೆ. ಕಾರಣವಿಲ್ಲದೆ ಅಲುಗಾಡುವ ಹಲ್ಲುಗಳು. ಇವು ಕಂಡರೆ ನೇರ ದೊಡ್ಡ ಆಸ್ಪತ್ರೆ. ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಘಟಕವಿದೆ. ಕ್ಯಾನ್ಸರ್ ಅಲ್ಲ ಎಂದು ಅವರು ಹೇಳಿದರೆ ಅದೂ ಒಂದು ಲಾಭವೇ.

ಖರ್ಚಿನ ವಿಷಯಕ್ಕೆ ಬಂದರೆ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ. ಗಂಟು ಕ್ಯಾನ್ಸರ್ ಅಲ್ಲ ಎಂದ ಮಾತ್ರಕ್ಕೆ ಕಾರ್ಡ್ ನಡೆಯುವುದಿಲ್ಲ ಎಂದುಕೊಂಡು ಮನೆಗೆ ಹೋಗಬೇಡಿ. ಆಪರೇಷನ್ ದಿನ ಗೊತ್ತು ಮಾಡುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಕೇಳಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗಬಹುದು.

ಆಪರೇಷನ್ ಆದ ಮೇಲೆ ಇನ್ನೊಂದು ಕೊಂಡಿ ಕಳಚುತ್ತದೆ, ಅದು ಗುಳೆ. ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದ ಮುಂಬೈ, ಪುಣೆ, ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಕುಟುಂಬಗಳು ಎಷ್ಟಿಲ್ಲ. ಅಮೆಲೋಬ್ಲಾಸ್ಟೊಮಾ, ಕೆರಾಟೊಸಿಸ್ಟ್ ಮರಳುವುದು ಹೆಚ್ಚಾಗಿ ಮೊದಲ ಐದು ವರ್ಷದಲ್ಲಿ. ಆದರೆ ಹತ್ತು ವರ್ಷದ ಮೇಲೆ ಬಂದವೂ ಇವೆ. ವರ್ಷಕ್ಕೊಂದು ಓಪಿಜಿ ತೆಗೆಸಲು ಆಪರೇಷನ್ ಮಾಡಿದ ಊರಿಗೇ ಬರಬೇಕೆಂದಿಲ್ಲ. ಕಟ್ಟಡದ ಕೆಲಸ ನಡೆಯುವ ಊರಿನ ಡೆಂಟಲ್ ಕಾಲೇಜಿನಲ್ಲೇ ತೆಗೆಸಬಹುದು. ಆಗ ಅಲ್ಲಿನ ಡಾಕ್ಟರಿಗೆ ಬೇಕಾಗುವುದು ಮೂರು: ಆಪರೇಷನ್ನಿಗೆ ಮೊದಲಿನ ಓಪಿಜಿ, ಡಿಸ್ಚಾರ್ಜ್ ಚೀಟಿ, ಬಯಾಪ್ಸಿ ನಂಬರ್ ಇರುವ ವರದಿ. ಮೂರನ್ನೂ ಬಿಳಿ ಹಾಳೆಯ ಮೇಲೆ ನೇರವಾಗಿ ಇಟ್ಟು ಸ್ಪಷ್ಟವಾಗಿ ಫೋಟೊ ತೆಗೆದು, ಊರಲ್ಲಿರುವ ಒಬ್ಬರಿಗೂ ಕಳಿಸಿಟ್ಟರೆ ಮೊಬೈಲ್ ಕಳೆದರೂ ಕಾಗದ ಉಳಿಯುತ್ತದೆ. ಓಪಿಜಿಯನ್ನಂತೂ ಫೋಟೊ ತೆಗೆಯುವ ಬದಲು ಸ್ಕ್ಯಾನಿಂಗ್ ಸೆಂಟರಿನವರಿಂದಲೇ ಫೈಲ್ ಹಾಕಿಸಿಕೊಳ್ಳಿ, ಕೇಳಿದರೆ ಕೊಡುತ್ತಾರೆ.